ಸಿಡಿ4 ಎಣಿಕೆ: ರಕ್ತದ ಅಳತೆ ಎಲ್ಲಿಂದ ಬಂತು?

ಫ್ಲೋ ಸೈಟೋಮೀಟರ್ ಜೀವಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಎಣಿಸುತ್ತದೆ. ಹಾಗಾದರೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಿಡಿ4 ಕೋಶ (ಮೈಮೇಲೆ ಸಿಡಿ4 ಅನ್ನುವ ಪ್ರೋಟೀನ್ ಗುರುತು ಇರುವ ಟಿ ಕೋಶ, ಒಂದು ಬಗೆಯ ಬಿಳಿ ರಕ್ತಕಣ) ಎಷ್ಟಿದೆ ಅಂತ ನೇರವಾಗಿ ಹೇಳಬಹುದಲ್ವಾ? ಆಗುವುದಿಲ್ಲ. ತಾನು ಎಳೆದುಕೊಂಡ ರಕ್ತ ಎಷ್ಟು ಅನ್ನುವುದೇ ಎಷ್ಟೋ ಯಂತ್ರಗಳಿಗೆ ಗೊತ್ತಿರುವುದಿಲ್ಲ. ಅದು ಹೇಳುವುದು ಶೇಕಡಾ ಲೆಕ್ಕ ಮಾತ್ರ. ನನಗೆ ಈ ಪಾಠ ಅರ್ಥವಾಗಿದ್ದು ಇದು ಹೊಳೆದ ಮೇಲೆಯೇ.

ಹಳೆಯ ದಾರಿಯಲ್ಲಿ ಅಳತೆಯನ್ನು ಬೇರೆ ಯಂತ್ರದಿಂದ ಸಾಲ ತರುತ್ತಾರೆ. ರಕ್ತಕಣಗಳನ್ನು ಎಣಿಸುವ ಸಿಬಿಸಿ ಯಂತ್ರದಲ್ಲಿ ಮೈಕ್ರೋಲೀಟರ್‌ಗೆ ಬಿಳಿ ರಕ್ತಕಣ 6000, ಅದರಲ್ಲಿ ಲಿಂಫೋಸೈಟ್ (ಟಿ ಕೋಶಗಳು ಸೇರಿದ ಗುಂಪು) ಶೇ. 30 ಅಂದರೆ 1800. ಲಿಂಫೋಸೈಟ್‌ಗಳಲ್ಲಿ ಸಿಡಿ4 ಶೇ. 25 ಅಂತ ಫ್ಲೋ ಹೇಳಿದರೆ ಉತ್ತರ 450. ಇದು ಡ್ಯುಯಲ್ ಪ್ಲಾಟ್‌ಫಾರ್ಮ್. ಸಿಬಿಸಿ ಲಿಂಫೋಸೈಟನ್ನು ಶೇ. 36 ಅಂತ ಓದಿಬಿಟ್ಟರೆ ಅದೇ ರಕ್ತಕ್ಕೆ 540 ಬರುತ್ತದೆ. ಮೂರು ಸಂಖ್ಯೆಗಳ ತಪ್ಪು ಒಂದರ ಮೇಲೊಂದು ಕೂರುತ್ತದೆ.

ಸಿಂಗಲ್ ಪ್ಲಾಟ್‌ಫಾರ್ಮ್‌ನಲ್ಲಿ ಟ್ಯೂಬಿನೊಳಗೇ ಲೆಕ್ಕ ಗೊತ್ತಿರುವ ಬೀಡ್‌ಗಳು, ಅಂದರೆ ಯಂತ್ರ ಎಣಿಸಬಲ್ಲ ಪುಟ್ಟ ಮಣಿಗಳು, ಇರುತ್ತವೆ. ಒಂದು ಡಬ್ಬಿ ಹೆಸರುಕಾಳಿಗೆ 100 ಕಡಲೆ ಬೆರೆಸಿ ಅಂದುಕೊಳ್ಳಿ. ಒಂದು ಹಿಡಿಯಲ್ಲಿ 10 ಕಡಲೆ, 45 ಹೆಸರು ಬಂದರೆ ಡಬ್ಬಿಯಲ್ಲಿ ಸುಮಾರು 450 ಹೆಸರು. ಅಷ್ಟೇ. ಟ್ಯೂಬಿನಲ್ಲಿ 50,000 ಬೀಡ್, ಹಾಕಿದ ರಕ್ತ 50 ಮೈಕ್ರೋಲೀಟರ್, ಎಣಿಕೆಗೆ ಸಿಕ್ಕಿದ್ದು 5000 ಬೀಡ್ ಮತ್ತು 2250 ಸಿಡಿ4 ಆದರೆ ಇಲ್ಲೂ 450.

ನನ್ನ ಒಲವು ಎರಡನೆಯದಕ್ಕೇ. ಆದರೆ ಇಲ್ಲಿ ಭಾರವೆಲ್ಲ ಪಿಪೆಟ್ (ರಕ್ತ ಅಳೆದು ಹಾಕುವ ಸಾಧನ) ಹಿಡಿದ ಕೈ ಮೇಲೆ. 50ರ ಬದಲು 45 ಮೈಕ್ರೋಲೀಟರ್ ಬಿದ್ದರೆ 210 ಇರಬೇಕಾದ ಎಣಿಕೆ 189 ಆಗುತ್ತದೆ. ಎಚ್‌ಐವಿ ಇರುವ ದೊಡ್ಡವರಲ್ಲಿ 200ಕ್ಕಿಂತ ಕಡಿಮೆ ಅಂದರೆ ಮುಂದುವರಿದ ಹಂತ ಅಂತ ಲೆಕ್ಕ. ಒಂದು ಹನಿಗಿಂತ ಕಡಿಮೆ ರಕ್ತ ರೋಗಿಯನ್ನು ಗೆರೆಯ ಆಚೆ ತಳ್ಳಿಬಿಡುತ್ತದೆ! ಅದಕ್ಕೇ ರಿವರ್ಸ್ ಪಿಪೆಟಿಂಗ್ ಮಾಡಿ ಅನ್ನುವುದು: ಸ್ವಲ್ಪ ಜಾಸ್ತಿ ಎಳೆದುಕೊಂಡು, ಅಳತೆಯಷ್ಟೇ ಬಿಟ್ಟು, ಉಳಿದದ್ದನ್ನು ತುದಿಯಲ್ಲೇ ಇರಗೊಡುವುದು. ಈ ವಿಧಾನದಲ್ಲಿ ಟ್ಯೂಬನ್ನು ತೊಳೆಯುವಂತೆಯೂ ಇಲ್ಲ. ತೊಳೆದರೆ ಬೀಡೂ ಹೋಗುತ್ತದೆ, ಕೋಶವೂ ಹೋಗುತ್ತದೆ, ಅದೂ ಒಂದೇ ಪ್ರಮಾಣದಲ್ಲಿ ಅಲ್ಲ.

ಎರಡೂ ದಾರಿಯಲ್ಲಿ ಕಾಡುವ ಇನ್ನೊಂದು ತಲೆನೋವು ಮಾನೋಸೈಟ್ ಅನ್ನುವ ಬೇರೆ ಬಗೆಯ ಬಿಳಿ ರಕ್ತಕಣ. ಅದರ ಮೇಲೂ ಸಿಡಿ4 ಕಡಿಮೆ ಪ್ರಮಾಣದಲ್ಲಿ ಇರುತ್ತದೆ. ಟಿ ಕೋಶದ ಗುರುತಾದ ಸಿಡಿ3 ಕೂಡ ನೋಡಿದರೆ ಟಿ ಕೋಶ ಬೇರೆಯಾಗಿ ಸಿಗುತ್ತದೆ, ಮಾನೋಸೈಟ್‌ನಲ್ಲಿ ಸಿಡಿ3 ಇರುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿದರೂ ಬೆಳಗ್ಗೆ ತೆಗೆದ ರಕ್ತದಲ್ಲಿ ಸಾಮಾನ್ಯವಾಗಿ ಸಂಜೆಗಿಂತ ಸಿಡಿ4 ಕಡಿಮೆಯೇ ಇರುತ್ತದೆ. ಹಳೆಯ ರಿಪೋರ್ಟ್ ಜೊತೆ ಹೋಲಿಸುವಾಗ ವಿಧಾನದ ಜೊತೆಗೆ ರಕ್ತ ತೆಗೆದ ಹೊತ್ತನ್ನೂ ನೋಡಿ.