ಜಾಹೀರಾತಿಗೆ ‘ಪ್ರಕಟಣೆ’ ಅನ್ನಬೇಡಿ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಬೀದಿಗೆ ಮೈಕು ಕಟ್ಟಿದ ಆಟೋ ಬಂತು. ‘ಸಾರ್ವಜನಿಕ ಪ್ರಕಟಣೆ, ಸಾರ್ವಜನಿಕ ಪ್ರಕಟಣೆ’ ಎಂದು ಎರಡು ಸಲ ಕೂಗಿತು. ಅಮ್ಮ ಮಿಕ್ಸಿ ನಿಲ್ಲಿಸಿದರು. ಎದುರು ಮನೆಯವರು ಗೇಟಿನ ಹತ್ತಿರ ಬಂದು ನಿಂತರು. ನೀರು ಬರುವುದಿಲ್ಲವೇನೋ, ಕರೆಂಟು ತೆಗೆಯುತ್ತಾರೇನೋ ಎಂದು ಎಲ್ಲರಿಗೂ ಗಾಬರಿ. ಆಮೇಲೆ ಕೇಳಿಸಿದ್ದು ಬೆಡ್‌ಶೀಟ್ ಮಾರಾಟದ ವಿಷಯ. ಛತ್ರದಲ್ಲಿ ಮೂರೇ ದಿನ, ಒಂದು ಕೊಂಡರೆ ಇನ್ನೊಂದು ಉಚಿತ.

ಅದು ಜಾಹೀರಾತು. ಅದಕ್ಕೆ ‘ಪ್ರಕಟಣೆ’ ಎಂಬ ಹೆಸರು ಯಾಕೆ? ಆಟೋದವರೊಬ್ಬರೇ ಹೀಗೆ ಹೇಳಿದ್ದರೆ ಸುಮ್ನೆ ಇರುತ್ತಿದ್ದೆ. ಈಗ ಬ್ಯಾಂಕಿನವರು, ಆ್ಯಪಿನವರು, ಚಿತ್ರಮಂದಿರದವರು ಎಲ್ಲರೂ ಜಾಹೀರಾತಿಗೆ ಬೇರೆ ಬೇರೆ ಹೆಸರು ಇಡುತ್ತಿದ್ದಾರೆ. ‘ಜಾಹೀರಾತು’ ಎಂಬ ಪದದ ಅರ್ಥವನ್ನೇ ಒಮ್ಮೆ ನೋಡಿಬಿಡೋಣ.

ಇದರ ಬೇರು ಅರಬ್ಬಿಯದು. ಅಲ್ಲಿ ‘ಜಾಹಿರ್’ ಅಂದರೆ ಹೊರಗೆ ಕಾಣುವಂಥದ್ದು. ಅದರ ಎದುರು ಪದ ‘ಬಾತಿನ್’, ಅಂದರೆ ಒಳಗೆ ಅಡಗಿರುವಂಥದ್ದು. ಸೂಫಿಗಳ ಮಾತಿನಲ್ಲಿ ಈ ಜೋಡಿ ಮತ್ತೆ ಮತ್ತೆ ಬರುತ್ತದೆ. ಫಾರಸಿ, ಹಿಂದೂಸ್ತಾನಿಗಳನ್ನು ದಾಟಿ ಪದ ದಖ್ಖನಿಗೆ ಬಂತು. ಅರ್ಜಿ, ಜಪ್ತಿ, ತಹಶೀಲ್ದಾರ ಇವೆಲ್ಲ ಬಂದ ದಾರಿಯೂ ಅದೇ. ಮರಾಠಿಯಲ್ಲಿ ಇವತ್ತಿಗೂ ‘ಜಾಹೀರ್’ ಅಂದರೆ ಬಹಿರಂಗ, ‘ಜಾಹೀರ್‌ನಾಮಾ’ ಅಂದರೆ ಪಕ್ಷಗಳ ಪ್ರಣಾಳಿಕೆ, ‘ಜಾಹಿರಾತ್’ ನಮ್ಮ ಜಾಹೀರಾತೇ. ‘ಹಿ’ ಸರಿಯೋ ‘ಹೀ’ ಸರಿಯೋ ಎಂದು ಜಗಳ ಬೇಡ. ಅರಬ್ಬಿಯಲ್ಲಿ ಹ್ರಸ್ವ, ಕನ್ನಡದ ರೂಢಿಯಲ್ಲಿ ದೀರ್ಘ. ದೀರ್ಘವೇ ಇರಲಿ.

ಈ ಕುಟುಂಬದಲ್ಲಿ ನನಗೆ ಅತಿ ಪ್ರೀತಿಯ ಪದ ‘ಜಗಜ್ಜಾಹೀರು’. ಮೊದಲರ್ಧ ಸಂಸ್ಕೃತ, ಎರಡನೆಯದು ಅರಬ್ಬಿ. ಜಗತ್ತಿಗೆ ಜ್ಯೋತಿ ಸೇರಿ ಜಗಜ್ಜ್ಯೋತಿ ಆಗುವ ಹಾಗೆಯೇ ಇದೂ ಆಗಿದೆ. ಶಾಲೆಯಲ್ಲಿ ಓದಿದ ಶ್ಚುತ್ವ ಸಂಧಿ ಅರಬ್ಬಿ ಪದಕ್ಕೂ ಹತ್ತಿದೆ, ನೋಡಿ. ‘ಅವನ ಬಂಡವಾಳ ಜಗಜ್ಜಾಹೀರಾಯಿತು’ ಅಂದಾಗ ಎಲ್ಲರಿಗೂ ಗೊತ್ತಾಯಿತು, ಇನ್ನು ಮುಚ್ಚಿಡಲು ಏನೂ ಉಳಿದಿಲ್ಲ ಎಂದೇ ಅರ್ಥ. ಜಾಹೀರಾತಿನ ಒಳಗೂ ಇದೇ ಅರ್ಥ ಕೂತಿದೆ. ‘ನಾನು ಮಾರುವವನು, ಇದು ನನ್ನ ಸರಕು’ ಎಂದು ತೆರೆದು ಹೇಳುವುದು ಜಾಹೀರಾತು.

ಅಕ್ಕಪಕ್ಕದ ಭಾಷೆಗಳಲ್ಲೂ ಹೆಸರು ಹುಟ್ಟಿದ್ದು ಇದೇ ಅರ್ಥದಿಂದ. ಮಲಯಾಳದಲ್ಲಿ ಜಾಹೀರಾತಿಗೆ ‘ಪರಸ್ಯಂ’ ಅನ್ನುತ್ತಾರೆ, ಅದು ‘ರಹಸ್ಯ’ದ ಎದುರು ಪದ. ತೆಲುಗಿನಲ್ಲಿ ‘ಪ್ರಕಟನ’. ಇಲ್ಲಿ ನೀವು ನನ್ನನ್ನು ತಡೆಯಬಹುದು. ತೆಲುಗಿನವರು ಪ್ರಕಟನ ಅನ್ನಬಹುದಾದರೆ ಆಟೋದವನು ಪ್ರಕಟಣೆ ಅಂದದ್ದು ಯಾಕೆ ತಪ್ಪು, ಅಲ್ವಾ? ಬೇರಿನ ಲೆಕ್ಕದಲ್ಲಿ ತಪ್ಪಿಲ್ಲ. ಸಂಸ್ಕೃತದ ‘ಪ್ರಕಟ’ ಮತ್ತು ಅರಬ್ಬಿಯ ‘ಜಾಹಿರ್’ ಹೆಚ್ಚುಕಡಿಮೆ ಒಂದೇ. ಆದರೆ ಕನ್ನಡ ಎರಡೂ ಪದಗಳನ್ನು ಇಟ್ಟುಕೊಂಡು ಒಂದೊಂದಕ್ಕೆ ಒಂದೊಂದು ಕೆಲಸ ಕೊಟ್ಟಿದೆ. ಕೇಳುವವರಿಗೆ ಬೇಕಾದದ್ದು ಪ್ರಕಟಣೆ. ಹೇಳುವವರಿಗೆ ಬೇಕಾದದ್ದು ಜಾಹೀರಾತು. ದುಡ್ಡು ಕೊಟ್ಟು ಹಾಕಿಸಿದರೂ ಟೆಂಡರ್ ಪ್ರಕಟಣೆ ಪ್ರಕಟಣೆಯೇ. ನೀರು ಬಿಡುವ ಸಮಯ, ಪರೀಕ್ಷೆಯ ದಿನಾಂಕ, ರೈಲು ತಡವಾದದ್ದು, ಇವೆಲ್ಲ ಪ್ರಕಟಣೆ. ಅದಕ್ಕೇ ಆ ಪದ ಕಿವಿಗೆ ಬಿದ್ದ ತಕ್ಷಣ ಅಮ್ಮ ಮಿಕ್ಸಿ ನಿಲ್ಲಿಸಿದ್ದು. ಆ ನಂಬಿಕೆಯನ್ನು ಬೆಡ್‌ಶೀಟ್ ಮಾರಲು ಬಳಸಿಕೊಂಡರೆ, ನಾಳೆ ನಿಜವಾಗಿ ನೀರು ನಿಂತಾಗ ಯಾರು ಹೊರಗೆ ಬರುತ್ತಾರೆ?

ಇದು ಬರೀ ಪದದ ಜಗಳ ಅನ್ನುವವರು ಬೆಂಗಳೂರಿನ ಒಂದು ಪ್ರಕರಣ ನೋಡಬೇಕು. ಸಿನಿಮಾಕ್ಕೆ ಮುಂಚೆ ಸುಮಾರು 25 ನಿಮಿಷ ಜಾಹೀರಾತು ತೋರಿಸಿದರು ಎಂದು ಪ್ರೇಕ್ಷಕರೊಬ್ಬರು ಮಲ್ಟಿಪ್ಲೆಕ್ಸ್ ವಿರುದ್ಧ ಗ್ರಾಹಕರ ಆಯೋಗಕ್ಕೆ ಹೋದರು. ಸಾರ್ವಜನಿಕ ಹಿತದ ಪ್ರಕಟಣೆಗಳನ್ನು ತೋರಿಸುವುದು ಕಡ್ಡಾಯ ಎಂದು ಮಲ್ಟಿಪ್ಲೆಕ್ಸಿನವರು ವಾದಿಸಿದರು. ತೋರಿಸಿದ್ದರಲ್ಲಿ ಹೆಚ್ಚಿನವು ಸರಕು ಮಾರುವ ಜಾಹೀರಾತುಗಳೇ ಎಂದು ಆಯೋಗ ಕಂಡುಕೊಂಡಿತು. ಜನರ ಸಮಯಕ್ಕೂ ಬೆಲೆ ಇದೆ ಎಂದು 2025ರಲ್ಲಿ ಪರಿಹಾರ ಕೊಡಲು ಹೇಳಿತು. ಆಮೇಲೆ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು, ಅದು ಬೇರೆ ಮಾತು. ನನಗೆ ಮುಖ್ಯವಾದದ್ದು ಆ ವಾದ. ಯಾವುದು ಪ್ರಕಟಣೆ, ಯಾವುದು ಜಾಹೀರಾತು ಎಂಬ ಪ್ರಶ್ನೆಯನ್ನು ಆಯೋಗವೇ ಬಿಡಿಸಬೇಕಾಯಿತು.

ಫೋನಿನ ಕಡೆ ಬನ್ನಿ. ‘ಮುಖ್ಯ ಸೂಚನೆ’ ಎಂದು ಶುರುವಾಗುವ ಮೆಸೇಜು ನನಗೆ ವಾರಕ್ಕೆ ಎರಡಾದರೂ ಬರುತ್ತದೆ. ತೆರೆದರೆ ನಾನು ಕೇಳದ ಸಾಲ. ಸೂಚನೆ ಅಂದರೆ ಏನೋ ಮಾಡಿ, ಅಥವಾ ಮಾಡಬೇಡಿ ಎಂದು ತಿಳಿಸುವುದು. ಸಾಲ ತಗೊಳ್ಳಿ ಅನ್ನುವುದು ಸೂಚನೆ ಹೇಗಾಗುತ್ತದೆ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ತನ್ನ ನಿಯಮಗಳಿಗೆ 2025ರ ಫೆಬ್ರವರಿಯಲ್ಲಿ ತಂದ ತಿದ್ದುಪಡಿಯಲ್ಲಿ ಇದಕ್ಕೊಂದು ದಾರಿ ಮಾಡಿದೆ. ಕಳಿಸಿದವರ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರಬೇಕು. ‘ಪಿ’ ಇದ್ದರೆ ಅದು ಜಾಹೀರಾತು. ‘ಎಸ್’ ಸೇವೆಯದು, ‘ಟಿ’ ವಹಿವಾಟಿನದು, ‘ಜಿ’ ಸರ್ಕಾರದ್ದು. ಒಳಗೆ ಏನೇ ಬರೆದಿರಲಿ, ಆ ಅಕ್ಷರ ನೋಡಿ.

‘ಪ್ರಾಯೋಜಿತ’ ಇನ್ನೊಂದು ತಲೆನೋವು. ದೂರದರ್ಶನದ ಕಾಲದಲ್ಲಿ ‘ಈ ಕಾರ್ಯಕ್ರಮದ ಪ್ರಾಯೋಜಕರು’ ಎಂದು ಕೇಳಿದವರಿಗೆ ಅರ್ಥ ಗೊತ್ತು. ಬೇರೆ ಯಾರೋ ಮಾಡಿದ ಕಾರ್ಯಕ್ರಮ, ಅದರ ಖರ್ಚು ಹೊತ್ತವರು ಇವರು. ಈಗ ಆ್ಯಪುಗಳಲ್ಲಿ ಕಂಪನಿಯೇ ತನ್ನ ಸರಕಿನ ಚಿತ್ರ ಹಾಕಿ, ಮೇಲೆ ತೆಳು ಬೂದು ಬಣ್ಣದಲ್ಲಿ ‘ಪ್ರಾಯೋಜಿತ’ ಎಂದು ಬರೆದಿರುತ್ತದೆ. ಅಲ್ಲಿ ಪ್ರಾಯೋಜನೆ ಎಲ್ಲಿದೆ? ಪೂರ್ತಿ ಜಾಹೀರಾತೇ. ಹಾಗೆ ಬರೆದಿದ್ದರೆ ನಮ್ಮ ಅಮ್ಮನಿಗೂ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಆನ್‌ಲೈನಿನ 13 ಮೋಸದ ರೀತಿಗಳನ್ನು ಪಟ್ಟಿ ಮಾಡಿತು. ಸುದ್ದಿಯ ಹಾಗೆ, ಬಳಕೆದಾರರ ಅಭಿಪ್ರಾಯದ ಹಾಗೆ ಕಾಣಿಸುವ ಜಾಹೀರಾತು ಅದರಲ್ಲಿ ಒಂದು. ಅದಕ್ಕೆ ‘ಗುಪ್ತ ಜಾಹೀರಾತು’ ಎಂದು ಬರೆಯುವವರಿದ್ದಾರೆ. ಗುಪ್ತವಾದದ್ದು ಜಾಹೀರು ಆಗುವುದು ಹೇಗೆ? ಬಾತಿನ್ ಮತ್ತು ಜಾಹಿರ್ ಒಂದೇ ಉಸಿರಿನಲ್ಲಿ ಬಂದ ಹಾಗಾಯಿತು. ಅದು ಅಡಗಿಯೂ ಇಲ್ಲ, ಕಣ್ಣೆದುರಿಗೇ ಇದೆ, ಬೇರೆಯವರ ಬಟ್ಟೆ ಹಾಕಿಕೊಂಡಿದೆ. ‘ವೇಷದ ಜಾಹೀರಾತು’ ಅನ್ನಿ, ಹಳ್ಳಿಯವರಿಗೂ ಅರ್ಥವಾಗುತ್ತದೆ.

ಬೇಡದ ಕರೆ, ಮೆಸೇಜುಗಳ ಬಗ್ಗೆ 1909 ಸಂಖ್ಯೆಗೆ ದೂರು ಕೊಡಬಹುದು. ಮೊದಲು 3 ದಿನಗಳ ಒಳಗೆ ಕೊಡಬೇಕಿತ್ತು, ಈಗ 7 ದಿನಗಳ ಅವಕಾಶ ಇದೆ. ದೂರಿನಲ್ಲಿ ‘ಬ್ಯಾಂಕಿನಿಂದ ಸೂಚನೆ ಬಂತು’ ಎಂದು ಬರೆಯಬೇಡಿ. ‘ಜಾಹೀರಾತು ಬಂತು’ ಎಂದೇ ಬರೆಯಿರಿ.