ಮೊಸರನ್ನದಲ್ಲಿ ಟೌರಿನ್ ಇಲ್ಲ

ಮಲ್ಲೇಶ್ವರ, ಬಸವನಗುಡಿ ಕಡೆ ಬೆಕ್ಕು ಸಾಕಿದವರನ್ನು ಮಾತಾಡಿಸಿ ನೋಡಿ. "ನಮ್ಮನೆ ಬೆಕ್ಕು ಅಪ್ಪಟ ಸಸ್ಯಾಹಾರಿ, ಹಾಲು ಮೊಸರನ್ನ ಬಿಟ್ಟು ಬೇರೇನೂ ಮುಟ್ಟಲ್ಲ" ಎಂದು ಹೆಮ್ಮೆಯಿಂದ ಹೇಳುವವರು ಸಿಗುತ್ತಾರೆ. ಈ ಹೆಮ್ಮೆ ಕಂಡರೆ ನನಗೆ ಸಂಕಟವಾಗುತ್ತದೆ. ಮನೆಯವರ ಊಟದ ನೇಮ ಮನೆಯವರಿಗೆ ಇರಲಿ, ಬೆಕ್ಕಿನ ಮೇಲೆ ಯಾಕೆ ಹೇರಬೇಕು?

ಹಾಲಿನ ವಿಷಯ ಬೇಗ ಮುಗಿಸುತ್ತೇನೆ. ಮರಿ ದೊಡ್ಡದಾದಂತೆ ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಕಡಿಮೆಯಾಗುತ್ತದೆ, ಎಷ್ಟೋ ಬೆಕ್ಕುಗಳಿಗೆ ಹಾಲು ಕುಡಿದರೆ ಭೇದಿಯಾಗುತ್ತದೆ. ಅಷ್ಟೇ. ನನ್ನ ನಿಜವಾದ ಚಿಂತೆ ಟೌರಿನ್.

ಇದು ಮಾಂಸ, ಮೀನಿನಲ್ಲಿ ಸಿಗುವ ಒಂದು ಅಮೈನೋ ಆಮ್ಲ. ಅನ್ನ, ಬೇಳೆ, ತರಕಾರಿಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು, ಹಾಲಿನಲ್ಲೂ ತೀರಾ ಕಡಿಮೆ. ನಮ್ಮ ಮೈ ಬೇರೆ ಅಮೈನೋ ಆಮ್ಲಗಳಿಂದ ಇದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನಲ್ಲಿ ಆ ಕೆಲಸದ ಕಿಣ್ವಗಳು ತುಂಬಾ ಮಂದ. ಹೋಗಲಿ, ಖರ್ಚಾದರೂ ಕಡಿಮೆಯೇ ಅಂದರೆ ಅದೂ ಜಾಸ್ತಿ. ಕೊಬ್ಬು ಅರಗಿಸಲು ಲಿವರ್ ಪಿತ್ತಾಮ್ಲ ಮಾಡುತ್ತದೆ, ಅದಕ್ಕೆ ಒಂದು ಅಮೈನೋ ಆಮ್ಲ ಜೋಡಿಸಿ ಕರುಳಿಗೆ ಬಿಡುತ್ತದೆ. ಟೌರಿನ್ ಸಾಲದಿದ್ದರೆ ನಮ್ಮ ಲಿವರ್ ಗ್ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಬಳಸುತ್ತದೆ, ಬೆಕ್ಕಿನದಕ್ಕೆ ಟೌರಿನ್ನೇ ಬೇಕು. ಪ್ರತಿ ಊಟಕ್ಕೂ ಸ್ವಲ್ಪ ಸ್ವಲ್ಪ ಟೌರಿನ್ ಮಲದಲ್ಲಿ ಹೋಗುತ್ತಲೇ ಇರುತ್ತದೆ. ಮೇಲೆ ಕಾವೇರಿ ನೀರು ತೊಟ್ಟಿಕ್ಕುತ್ತಿದ್ದು ಕೆಳಗೆ ಸಂಪಿನ ತಳ ಸೋರುತ್ತಿದ್ದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ.

ಹೀಗೇಕೆ? ಸಾಕುಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಸಮಾಧಿಯೊಂದು ಸಿಕ್ಕಿದೆ, ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದಾರೆ. ಅಷ್ಟು ಹಳೆಯ ಸ್ನೇಹ ನಮ್ಮದು, ಆದರೆ ಅದರ ಹೊಟ್ಟೆ ಮಾತ್ರ ಬದಲಾಗಲಿಲ್ಲ. ದಿನಾ ಇಡೀ ಇಲಿ ತಿನ್ನುವ ಪ್ರಾಣಿಗೆ ಟೌರಿನ್ ತಾನೇ ಮಾಡಿಕೊಳ್ಳುವ ಅಗತ್ಯ ಬೀಳುವುದಿಲ್ಲ ಅಲ್ವಾ? ಸಿಹಿ ರುಚಿಯೂ ಅದಕ್ಕೆ ಗೊತ್ತಾಗುವುದಿಲ್ಲ. ಆ ರುಚಿಯ ಒಂದು ಜೀನ್ ಬೆಕ್ಕುಗಳಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಗೊತ್ತಾಯಿತು.

ಟೌರಿನ್ ಕೊರತೆಯಿಂದ ಬೆಕ್ಕಿನ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪದರ, ಹಾಳಾಗುತ್ತದೆ ಎಂದು 1975ರಲ್ಲೇ ತಿಳಿದಿತ್ತು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು ಇನ್ನೊಂದು ಸಂಗತಿ ಕಂಡರು. ಹೃದಯ ಹಿಗ್ಗಿ, ಸ್ನಾಯು ಸೋತು ಸಾಯುತ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟೌರಿನ್ ಕಡಿಮೆ ಇತ್ತು, ಟೌರಿನ್ ಕೊಟ್ಟ ಮೇಲೆ ಹೃದಯ ಚೇತರಿಸಿಕೊಂಡಿತು! ಅವು ತಿನ್ನುತ್ತಿದ್ದುದು ಕಂಪನಿಯ ಆಹಾರವೇ. ಆಮೇಲೆ ಕಂಪನಿಗಳು ಟೌರಿನ್ ಪ್ರಮಾಣ ಹೆಚ್ಚಿಸಿದವು. ಹೃದಯ ಸರಿಹೋದರೂ ಸತ್ತ ರೆಟಿನಾ ಮರಳಿ ಬರುವುದಿಲ್ಲ.

ಹಾಗಾದರೆ ಚಿಕನ್ ಬೇಯಿಸಿ ಹಾಕಿದರಾಯಿತು ಅನ್ನುತ್ತೀರಿ. ಅಲ್ಲೂ ಎಡವುತ್ತಾರೆ. ಬೋನ್‌ಲೆಸ್ ಎದೆಮಾಂಸ ತಂದು, ಚೆನ್ನಾಗಿ ಕುದಿಸಿ, ನೀರು ಬಸಿದು ಸಿಂಕಿಗೆ ಚೆಲ್ಲುತ್ತಾರೆ. ಟೌರಿನ್ ನೀರಿನಲ್ಲಿ ಕರಗುತ್ತದೆ, ಅರ್ಧ ಸಾರ ಸಿಂಕಿಗೆ ಹೋಯಿತು. ಎದೆಗಿಂತ ಕಾಲಿನ ಮಾಂಸದಲ್ಲಿ, ಅದಕ್ಕಿಂತ ಕೋಳಿಯ ಹೃದಯದಲ್ಲಿ ಟೌರಿನ್ ಜಾಸ್ತಿ. ಬೇಯಿಸಿದ ನೀರನ್ನೂ ಸೇರಿಸಿ ಕೊಡಿ, ಹೇಗೂ ಬೆಕ್ಕು ನೀರು ಕುಡಿಯುವುದು ಕಡಿಮೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಮಾತ್ರ ಬೇಡವೇ ಬೇಡ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬರೀ ಮಾಂಸ ಹಾಕಿದರೂ ಕ್ಯಾಲ್ಸಿಯಂ ಸಾಲದು, ಆದ್ದರಿಂದ ದಿನದ ಊಟಕ್ಕೆ ಬೆಕ್ಕಿಗೆಂದೇ ಮಾಡಿದ ಪೂರ್ಣ ಆಹಾರ ಇರಲಿ. ನಾಯಿಯ ಪ್ಯಾಕೆಟ್ಟು ಆಗುವುದಿಲ್ಲ.

ಇದನ್ನು ಓದಿ ನಾಳೆಯೇ ಮೊಸರನ್ನ ನಿಲ್ಲಿಸಿಬಿಡಬೇಡಿ. ಹೊಸದನ್ನು ವಾರ, ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಿ. "ಹಸಿವಾದರೆ ತಾನೇ ತಿನ್ನುತ್ತೆ" ಎಂದು ಸುಮ್ನೆ ಕೂರುವುದು ಅಪಾಯ. ಕೆಲವೇ ದಿನ ಊಟ ಬಿಟ್ಟರೂ, ಅದರಲ್ಲೂ ದಪ್ಪ ಬೆಕ್ಕಾದರೆ, ಮೈಯ ಕೊಬ್ಬೆಲ್ಲ ಲಿವರ್‌ಗೆ ನುಗ್ಗಿ ಲಿವರ್ ಕೈಕೊಡುತ್ತದೆ. ಒಂದು ಇಡೀ ದಿನ ಏನೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ.