ಗ್ರಬ್ ರೆಸ್ಕ್ಯೂ ಎಂದು ಬಂದರೆ ಫಾರ್ಮ್ಯಾಟ್ ಮಾಡಲೇಬೇಕೇ?

ಪ್ರಶ್ನೆ: ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಮತ್ತು ಲಿನಕ್ಸ್ ಮಿಂಟ್ ಎರಡೂ ಇವೆ. ಬಳಸದೆ ಬಿಟ್ಟಿದ್ದ ಒಂದು ಡ್ರೈವನ್ನು ವಿಂಡೋಸ್‌ನಿಂದಲೇ ಅಳಿಸಿದ್ದೆ. ಮರುದಿನ ಆನ್ ಮಾಡಿದಾಗ ಕಪ್ಪು ತೆರೆಯ ಮೇಲೆ ‘ಎರರ್: ಅನ್‌ನೋನ್ ಫೈಲ್‌ಸಿಸ್ಟಮ್’ ಎಂದೂ ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂದೂ ಬಂದು ನಿಂತಿತು. ಹಾರ್ಡ್ ಡಿಸ್ಕ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು ಎಂದು ರಿಪೇರಿ ಅಂಗಡಿಯವರು ಹೇಳುತ್ತಾರೆ. ಮಕ್ಕಳ ಫೋಟೊಗಳೂ ನುಡಿಯಲ್ಲಿ ಟೈಪ್ ಮಾಡಿಟ್ಟ ಕಡತಗಳೂ ಅದರಲ್ಲೇ ಇವೆ. ಬೇರೆ ದಾರಿಯೇ ಇಲ್ಲವೇ?

ಇದೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕವನ್ನು ಇಡುವುದನ್ನೇ ಬಿಟ್ಟಿದ್ದೇನೆ. ಕೇಳುವವರು ಬದಲಾಗುತ್ತಾರೆ, ಯಂತ್ರ ಬದಲಾಗುತ್ತದೆ, ಅಂಗಡಿಯವರ ಉತ್ತರ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಈ ಬಾರಿ ಪರಿಹಾರಕ್ಕೆ ಹೋಗುವ ಮೊದಲು ಆ ಉತ್ತರವನ್ನೇ ಸ್ವಲ್ಪ ಬಿಚ್ಚಿ ನೋಡೋಣ.

ಗ್ರಬ್ ಎಂದರೆ ಲಿನಕ್ಸ್ ಜತೆಗೆ ಬರುವ, ಕಂಪ್ಯೂಟರ್ ಆನ್ ಆದಾಗ ವಿಂಡೋಸ್ ಬೇಕೋ ಲಿನಕ್ಸ್ ಬೇಕೋ ಎಂದು ಮೆನು ತೋರಿಸಿ ಆಯ್ದುದನ್ನು ಶುರು ಮಾಡುವ ಪ್ರೋಗ್ರಾಮು; ತನ್ನ ಉಳಿದ ಭಾಗ ಸಿಗದೆ ಹೋದಾಗ ಅದು ನಿಲ್ಲುವ ತುರ್ತು ಸ್ಥಿತಿಯೇ ರೆಸ್ಕ್ಯೂ. ‘ಗ್ರಬ್ ರೆಸ್ಕ್ಯೂ’ ಎಂಬ ಆ ಎರಡು ಪದಗಳು ತೆರೆಗೆ ಬಂದದ್ದಾದರೂ ಎಲ್ಲಿಂದ? ನಿಮ್ಮ ಹಾರ್ಡ್ ಡಿಸ್ಕಿನಿಂದಲೇ. ಡಿಸ್ಕ್ ಪೂರ್ತಿ ಸತ್ತಿದ್ದರೆ ಆ ಸಂದೇಶವೂ ಬರುತ್ತಿರಲಿಲ್ಲ. ಬೂಟ್ ಮಾಡಲು ಡಿಸ್ಕೇ ಸಿಗಲಿಲ್ಲವೆಂದು ಬಯೋಸ್, ಅಂದರೆ ಯಂತ್ರವನ್ನು ಶುರು ಮಾಡುವ ಮದರ್‌ಬೋರ್ಡಿನ ಪ್ರೋಗ್ರಾಮು, ದೂರುತ್ತಿತ್ತು. ಡಿಸ್ಕ್ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿಯಾಗಿ ತೋರಿಸುವ ಸಂದೇಶವೇ ಡಿಸ್ಕ್ ಓದಲು ಸಿಗುತ್ತಿದೆ ಎಂಬುದಕ್ಕೆ ಸಾಕ್ಷಿ.

ಹಳೆಯ ಬಯೋಸ್ ಯಂತ್ರವು ಆನ್ ಆದೊಡನೆ ಡಿಸ್ಕಿನ ಮೊತ್ತಮೊದಲ ಸೆಕ್ಟರನ್ನು, ಅಂದರೆ 512 ಬೈಟುಗಳನ್ನು ಮಾತ್ರ ಓದುತ್ತದೆ. ಅದರಲ್ಲಿ 446 ಬೈಟು ಆರಂಭದ ಪುಟ್ಟ ಪ್ರೋಗ್ರಾಮಿಗೆ, 64 ಬೈಟು ಪಾರ್ಟಿಷನ್ ಪಟ್ಟಿಗೆ (ಪಾರ್ಟಿಷನ್ ಎಂದರೆ ಡಿಸ್ಕಿನ ಒಂದು ವಿಭಾಗ, ವಿಂಡೋಸ್‌ನಲ್ಲಿ ಡ್ರೈವ್ ಎಂದು ಕಾಣುವಂಥದು), ಉಳಿದ 2 ಬೈಟು ಗುರುತಿಗೆ ಮೀಸಲು. 446 ಬೈಟುಗಳಲ್ಲಿ ಹೆಚ್ಚೇನೂ ಹಿಡಿಸುವುದಿಲ್ಲವಾದ್ದರಿಂದ ಗ್ರಬ್ ತನ್ನ ಎರಡನೆಯ ತುಣುಕನ್ನು ಆ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವೆ ಇರುವ ಖಾಲಿ ಜಾಗದಲ್ಲಿ ಇಡುತ್ತದೆ. ವಿಂಡೋಸ್ ಎಕ್ಸ್‌ಪಿ ಕಾಲದ ಡಿಸ್ಕುಗಳಲ್ಲಿ ಮೊದಲ ಪಾರ್ಟಿಷನ್ 63ನೇ ಸೆಕ್ಟರಿನಿಂದ ಆರಂಭವಾಗುತ್ತಿದ್ದುದರಿಂದ ಈ ಜಾಗ ಸುಮಾರು 31 ಕೆಬಿ ಇರುತ್ತಿತ್ತು. ವಿಸ್ಟಾದ ನಂತರ ಆರಂಭವು 2048ನೇ ಸೆಕ್ಟರಿಗೆ ಸರಿದು ಅದು ಹತ್ತಿರ ಹತ್ತಿರ ಒಂದು ಎಂಬಿ ಆಯಿತು. ಮೆನು ತೋರಿಸುವ ಮೂರನೆಯ ಮತ್ತು ದೊಡ್ಡ ಭಾಗವು ಲಿನಕ್ಸ್ ಪಾರ್ಟಿಷನ್ನಿನ ಒಳಗೆ, ಬೂಟ್ ಎಂಬ ಫೋಲ್ಡರಿನೊಳಗಿನ ಗ್ರಬ್ ಫೋಲ್ಡರಿನಲ್ಲಿರುತ್ತದೆ.

ಎರಡನೆಯ ತುಣುಕು ಮೂರನೆಯದನ್ನು ಹುಡುಕಿಕೊಂಡು ಹೋಗುವುದು ಪಾರ್ಟಿಷನ್ನಿನ ಸಂಖ್ಯೆಯನ್ನು ನಂಬಿ. ನಿಮ್ಮ ಲಿನಕ್ಸ್ ಆರನೆಯ ಪಾರ್ಟಿಷನ್ನಿನಲ್ಲಿ ಇತ್ತೆಂದುಕೊಳ್ಳಿ. ನೀವು ಐದನೆಯದನ್ನು ಅಳಿಸಿದಿರಿ. ಈ ಬಗೆಯ ಪಟ್ಟಿಯಲ್ಲಿ ಐದರಿಂದ ಮುಂದಿನವು ಲಾಜಿಕಲ್ ಪಾರ್ಟಿಷನ್ನುಗಳು, ಅಂದರೆ ಒಂದು ದೊಡ್ಡ ಪಾರ್ಟಿಷನ್ನಿನೊಳಗೆ ಸಾಲಾಗಿ ಪೋಣಿಸಿದವು, ಆದ್ದರಿಂದ ಒಂದು ಹೋದರೆ ಅದರ ನಂತರದವುಗಳ ಸಂಖ್ಯೆ ಒಂದೊಂದು ಕಡಿಮೆಯಾಗುತ್ತದೆ. ಲಿನಕ್ಸ್ ಐದಾಯಿತು, ಏಳನೆಯದಾಗಿದ್ದ ವಿಂಡೋಸ್ ಡ್ರೈವ್ ಆರಾಯಿತು. ಗ್ರಬ್ ಎಂದಿನಂತೆ ಆರನೆಯದರ ಬಾಗಿಲು ತಟ್ಟಿತು. ಅಲ್ಲಿ ಇರುವುದು ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ತನ್ನ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ. ಲಿನಕ್ಸ್ ಪಾರ್ಟಿಷನ್ನನ್ನು ಓದಲು ಬೇಕಾದಷ್ಟನ್ನೇ ಕಟ್ಟಿಕೊಂಡು ಬಂದ ಈ ತುಣುಕಿಗೆ ಎನ್‌ಟಿಎಫ್‌ಎಸ್ ಓದಲು ಬಾರದು. ‘ಅನ್‌ನೋನ್ ಫೈಲ್‌ಸಿಸ್ಟಮ್’ ಎಂದರೆ ಇಷ್ಟೇ: ನಿಮ್ಮ ಕಡತ ವ್ಯವಸ್ಥೆ ಹಾಳಾಗಿದೆಯೆಂದಲ್ಲ, ತನಗೆ ಅದರ ಪರಿಚಯವಿಲ್ಲವೆಂದು. ಆರನೆಯ ಪಾರ್ಟಿಷನ್ನೇ ಇಲ್ಲದಿದ್ದರೆ ‘ನೋ ಸಚ್ ಪಾರ್ಟಿಷನ್’ ಎನ್ನುತ್ತಿತ್ತು. ನೀವು ಏನನ್ನೂ ಅಳಿಸದೆ ಇದ್ದಾಗಲೂ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಒಂದು ಹೊಸ ರಿಕವರಿ ಪಾರ್ಟಿಷನ್ ಸೃಷ್ಟಿಸಿ ಇದೇ ಫಜೀತಿಯನ್ನು ತಂದಿಡಬಲ್ಲದು.

ಈಗ ಫಾರ್ಮ್ಯಾಟಿನ ವಿಚಾರ. ಫಾರ್ಮ್ಯಾಟ್ ಎಂಬುದು ಒಂದು ಪಾರ್ಟಿಷನ್ನಿನ ಒಳಗೆ ನಡೆಯುವ ಕೆಲಸ. ಆ 446 ಬೈಟುಗಳಾಗಲಿ ಅದರಾಚೆಯ ಖಾಲಿ ಜಾಗವಾಗಲಿ ಯಾವ ಪಾರ್ಟಿಷನ್ನಿಗೂ ಸೇರಿದವಲ್ಲ. ಆದ್ದರಿಂದ ಸಿ ಡ್ರೈವನ್ನು ಎಷ್ಟು ಬಾರಿ ಫಾರ್ಮ್ಯಾಟ್ ಮಾಡಿದರೂ ಗ್ರಬ್ ಇದ್ದಲ್ಲೇ ಇರುತ್ತದೆ, ಅದೇ ಸಂದೇಶವನ್ನೇ ತೋರಿಸುತ್ತದೆ. ಲಿನಕ್ಸ್ ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಿದರಂತೂ ಗ್ರಬ್ ಹುಡುಕುತ್ತಿದ್ದ ಫೋಲ್ಡರೇ ನಾಶವಾಗಿ, ಸುಲಭವಾಗಿ ಸರಿಹೋಗಬಹುದಾಗಿದ್ದ ತೊಂದರೆ ಶಾಶ್ವತವಾಗುತ್ತದೆ. ಹಾಗಾದರೆ ಅಂಗಡಿಯಿಂದ ಬಂದ ಕಂಪ್ಯೂಟರ್ ಸರಿಯಾಗಿ ಶುರುವಾಗುವುದು ಹೇಗೆ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಫಾರ್ಮ್ಯಾಟ್ ಆದ ಮೇಲೆ ಅವರು ವಿಂಡೋಸ್ ಹಾಕುತ್ತಾರಲ್ಲ, ಆ ಸ್ಥಾಪನೆಯ ಕೊನೆಗೆ ವಿಂಡೋಸ್ ತನ್ನ ಪ್ರೋಗ್ರಾಮನ್ನು ಆ 446 ಬೈಟುಗಳಲ್ಲಿ ಬರೆಯುತ್ತದೆ. ಗುಣ ಮಾಡಿದ್ದು ಅದು. ಫಾರ್ಮ್ಯಾಟಿಗೆ ಸಿಕ್ಕ ಕೀರ್ತಿ ಬಿಟ್ಟಿಯದು, ಹೋದ ಫೋಟೊಗಳು ಮಾತ್ರ ನಿಮ್ಮವು. ವಿಂಡೋಸ್ ಒಂದನ್ನೇ ಬಯಸುವವರು ಸ್ಥಾಪನೆಯ ಪೆನ್‌ಡ್ರೈವಿನಿಂದ ರಿಪೇರಿ ವಿಭಾಗಕ್ಕೆ ಹೋಗಿ, ಬೂಟ್‌ರೆಕ್ ಎಂಬ ಆಜ್ಞೆಗೆ ಫಿಕ್ಸ್‌ಎಂಬಿಆರ್ ಸೇರಿಸಿ ಕೊಟ್ಟರೆ ಅದೇ ಬರವಣಿಗೆ ಒಂದು ಕಡತವನ್ನೂ ಮುಟ್ಟದೆ ಆಗಿಹೋಗುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂಬ ಮಾತು ನಮ್ಮಲ್ಲಿ ಇರುವುದು ಇಂಥ ಚಿಕಿತ್ಸೆಗಾಗಿಯೇ.

ಅಂಗಡಿಯವರು ಸುಳ್ಳು ಹೇಳುತ್ತಾರೆಂದು ನಾನು ಹೇಳುತ್ತಿಲ್ಲ. ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಅವರಿಗೆ ಗೊತ್ತು. ನಿಮ್ಮ ಡಿಸ್ಕಿನಲ್ಲಿ ಯಾವ ಪಾರ್ಟಿಷನ್ ಯಾವುದೆಂದು ಹುಡುಕುತ್ತ ಕೂರಲು ಅವರಿಗೆ ಪುರಸೊತ್ತಿಲ್ಲ. ವಿಂಡೋಸ್ ಕೂಡ ಈ ನಂಬಿಕೆಗೆ ನೀರೆರೆಯುತ್ತದೆ: ತನಗೆ ಓದಲು ಬಾರದ ಲಿನಕ್ಸ್ ಪಾರ್ಟಿಷನ್ನಿಗೆ ಡ್ರೈವ್ ಅಕ್ಷರ ಸಿಕ್ಕಿದ್ದೇ ತಡ, ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕೆಂದು ಅತಿ ವಿನಯದಿಂದ ಕೇಳುತ್ತದೆ. ಆ ಪೆಟ್ಟಿಗೆ ಬಂದಾಗ ಕ್ಯಾನ್ಸಲ್ ಒತ್ತಿ.

ಇನ್ನು ದುರಸ್ತಿ. ಆಜ್ಞೆಗಳ ಹೆಸರನ್ನು ನಾನು ಕನ್ನಡದಲ್ಲಿ ಬರೆದಿದ್ದರೂ ನೀವು ಒತ್ತಬೇಕಾದದ್ದು ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು. ಗ್ರಬ್ ರೆಸ್ಕ್ಯೂ ಮುಂದೆ ಎಲ್‌ಎಸ್ ಎಂದು ಒತ್ತಿದರೆ ಆವರಣಗಳೊಳಗೆ ಎಚ್‌ಡಿ0, ಎಂಎಸ್‌ಡಾಸ್7, ಎಂಎಸ್‌ಡಾಸ್6 ಎಂಬಂಥ ಹೆಸರುಗಳ ಸಾಲು ಬರುತ್ತದೆ. ಒಂದೊಂದರ ಹೆಸರನ್ನೂ ಆವರಣದ ಸಮೇತ ಎಲ್‌ಎಸ್ ನಂತರ ಬರೆದು, ಕೊನೆಗೆ ಓರೆಗೆರೆ ಹಾಕಿ ಎಂಟರ್ ಒತ್ತಿ. ಹೆಚ್ಚಿನವಕ್ಕೆ ಅದೇ ಅಪರಿಚಯದ ದೂರು ಬರುತ್ತದೆ. ಒಂದಕ್ಕೆ ಮಾತ್ರ ಬೂಟ್, ಹೋಮ್, ಇಟಿಸಿ ಎಂಬ ಫೋಲ್ಡರುಗಳ ಪಟ್ಟಿ ಬರುತ್ತದೆ. ನಿಮ್ಮ ಲಿನಕ್ಸ್ ಅದು. ಸೆಟ್ ಆಜ್ಞೆಯಿಂದ ರೂಟ್ ಎಂಬುದಕ್ಕೆ ಆ ಪಾರ್ಟಿಷನ್ನಿನ ಹೆಸರನ್ನೂ, ಪ್ರಿಫಿಕ್ಸ್ ಎಂಬುದಕ್ಕೆ ಅದೇ ಹೆಸರಿನ ಮುಂದೆ ಬೂಟ್ ಮತ್ತು ಗ್ರಬ್ ಫೋಲ್ಡರುಗಳ ದಾರಿಯನ್ನೂ ಕೊಟ್ಟು, ಇನ್ಸ್‌ಮಾಡ್ ನಾರ್ಮಲ್ ಎಂದೂ ಬಳಿಕ ನಾರ್ಮಲ್ ಎಂದೂ ಒತ್ತಿದರೆ ಹಳೆಯ ಮೆನು ಎದುರಿಗೆ ನಿಲ್ಲುತ್ತದೆ.

ಇದು ಒಂದು ಸಲಕ್ಕೆ ಮಾತ್ರ. ಲಿನಕ್ಸ್ ಒಳಗೆ ಹೋದ ಮೇಲೆ ಸುಡೊ (ಮೇಲ್ವಿಚಾರಕನ ಅಧಿಕಾರದಿಂದ ನಡೆಸು ಎಂಬ ಪದ) ಸಹಿತ ಗ್ರಬ್-ಇನ್‌ಸ್ಟಾಲ್ ಆಜ್ಞೆಯನ್ನು ಇಡೀ ಡಿಸ್ಕಿನ ಹೆಸರಿಗೆ, ಸಾಮಾನ್ಯವಾಗಿ ಎಸ್‌ಡಿಎ (/dev/sda) ಎಂಬುದಕ್ಕೆ, ಕೊಟ್ಟು ಆಮೇಲೆ ಅಪ್‌ಡೇಟ್-ಗ್ರಬ್ ಕೊಡಬೇಕು. ಎಸ್‌ಡಿಎ1 ಅಲ್ಲ, ಎಸ್‌ಡಿಎ; ಸಂಖ್ಯೆ ಸೇರಿಸಿದರೆ ಗ್ರಬ್ ಮೊದಲ ಸೆಕ್ಟರನ್ನು ಬಿಟ್ಟು ಒಂದು ಪಾರ್ಟಿಷನ್ನಿನ ತಲೆಗೆ ಹೋಗಿ ಕೂರಲು ನೋಡುತ್ತದೆ. ಆಜ್ಞೆಗಳೆಂದರೆ ಅಂಜುವವರು ಮಿಂಟ್‌ನ ಪೆನ್‌ಡ್ರೈವಿನಿಂದ ಲೈವ್ ಆಗಿ, ಅಂದರೆ ಡಿಸ್ಕಿಗೆ ಏನನ್ನೂ ಸ್ಥಾಪಿಸದೆ, ಶುರು ಮಾಡಿ, ಮೊದಲು ಫೋಟೊಗಳನ್ನು ಬೇರೊಂದು ಡ್ರೈವಿಗೆ ನಕಲು ಮಾಡಿಕೊಂಡು, ಅದರಲ್ಲೇ ಇರುವ ಬೂಟ್ ರಿಪೇರಿ ಎಂಬ ಸಾಧನವನ್ನು ನಡೆಸಬಹುದು. ಎಲ್ಲ ಸರಿಹೋಗಿಯೂ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಗಾಬರಿ ಬೇಡ: 2021ರಲ್ಲಿ ಬಂದ ಗ್ರಬ್ 2.06 ಇತರ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರನ್ನು ತಾನಾಗಿ ನಡೆಸುವುದನ್ನು ನಿಲ್ಲಿಸಿತು. ಇಟಿಸಿ ಫೋಲ್ಡರಿನ ಡಿಫಾಲ್ಟ್ ಒಳಗಿರುವ ಗ್ರಬ್ ಕಡತದಲ್ಲಿ ಗ್ರಬ್ ಡಿಸೇಬಲ್ ಓಎಸ್ ಪ್ರೋಬರ್ ಎಂಬ ಸಾಲನ್ನು ಫಾಲ್ಸ್ ಎಂದು (GRUB_DISABLE_OS_PROBER=false) ಬರೆದು ಮತ್ತೆ ಅಪ್‌ಡೇಟ್-ಗ್ರಬ್ ಕೊಟ್ಟರೆ ಮುಗಿಯಿತು.

ಡಿಸ್ಕಿನಿಂದ ಕಟಕಟ ಸದ್ದು ಬರುತ್ತಿದ್ದರೆ, ಅಥವಾ ಬಯೋಸ್‌ನಲ್ಲಿ ಅದರ ಹೆಸರು ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದರೆ ಮೇಲಿನದೇನನ್ನೂ ಮಾಡಬೇಡಿ. ಮೊದಲು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ, ಮತ್ತೆ ಕಂಡರೆ ಕಡತಗಳ ನಕಲು ತೆಗೆದುಕೊಳ್ಳಿ. ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಇರುವ ಈಚಿನ ಯಂತ್ರಗಳ ಕತೆ ಬೇರೆ. ಅಲ್ಲಿ ಬಹುಪಾಲು ಬೂಟ್ ಕ್ರಮದಲ್ಲಿ ಲಿನಕ್ಸ್ ಅನ್ನು ವಿಂಡೋಸ್‌ಗಿಂತ ಮೇಲಕ್ಕೆ ತಂದರೆ ಸಾಕಾಗುತ್ತದೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಮೆನು ಸರಿಹೋದವರ ಮುಂದಿನ ದೂರು ಗಡಿಯಾರದ್ದೇ. ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದರೆ ಸಮಯ ಐದೂವರೆ ಗಂಟೆ ಹಿಂದಿರುತ್ತದೆ. ಇದನ್ನು ಕಂಡು ಮದರ್‌ಬೋರ್ಡಿನ ಸಿಆರ್ 2032 ಸೆಲ್ಲನ್ನು ಬದಲಿಸುವವರು ಬಹಳ. ಸೆಲ್ ಮುಗಿದರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಬಯೋಸ್‌ನ ಸೆಟ್ಟಿಂಗುಗಳೂ ಮೊದಲಿನಂತಾಗುತ್ತವೆ. ಡಿಸ್ಕಿನೊಡನೆ ವ್ಯವಹರಿಸುವ ಸಾಟಾ ವಿಧಾನವು ಎಎಚ್‌ಸಿಐನಿಂದ ಹಳೆಯ ಐಡಿಇಗೆ ಬದಲಾಗಿ ವಿಂಡೋಸ್ ನೀಲಿ ತೆರೆ ತೋರಿಸುವುದೂ ಉಂಟು. ಸರಿಯಾಗಿ ಐದೂವರೆ ಗಂಟೆಯ ವ್ಯತ್ಯಾಸವಾದರೆ ಸೆಲ್ಲಿನದು ತಪ್ಪಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯವನ್ನು ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ. ಲಿನಕ್ಸಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಗೆ ಸೆಟ್-ಲೋಕಲ್-ಆರ್‌ಟಿಸಿ 1 ಸೇರಿಸಿ ಕೊಟ್ಟರೆ ಇಬ್ಬರೂ ಸ್ಥಳೀಯ ಸಮಯಕ್ಕೇ ಒಪ್ಪುತ್ತಾರೆ. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಊರುಗಳಲ್ಲಿ ಇದರಿಂದ ತೊಂದರೆಯಾದೀತು ಎಂಬ ಎಚ್ಚರಿಕೆ ಆಮೇಲೆ ಕಾಣಿಸುತ್ತದೆ. ನಮ್ಮಲ್ಲಿ ಆ ಪದ್ಧತಿ ಇಲ್ಲವಾದ್ದರಿಂದ ಚಿಂತಿಸಬೇಕಿಲ್ಲ. ಅಮೆರಿಕ, ಬ್ರಿಟನ್‌ಗಳಲ್ಲಿರುವ ಓದುಗರು ಮಾತ್ರ ಇದನ್ನು ಮಾಡದೆ, ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಎಂಬ ಮೌಲ್ಯವನ್ನು 1 ಮಾಡಿ ವಿಂಡೋಸನ್ನೇ ಯುಟಿಸಿಗೆ ಒಪ್ಪಿಸುವುದು ಲೇಸು.